ಮುಖದ ನರದ ನೋವು: ನ್ಯೂರಾಲಜಿ ಡಾಕ್ಟರನ್ನ ಕೇಳಿ

ಸದಸ್ಯೆ (ತುಮಕೂರು): ಸರ್ ನಮಸ್ತೆ, ನಮ್ಮಮ್ಮಂಗೆ 62 ವರ್ಷ, ಬಲಗೆನ್ನೇಲಿ ಕರೆಂಟ್ ಹೊಡ್ದಂಗೆ ನೋವು, ಹಲ್ಲಿಂದು ಅಂತ ಎರಡು ದವಡೆ ಹಲ್ಲು ಕೀಳಿಸಿದ್ವಿ, ಹೋಗ್ಲಿಲ್ಲ. ಮುಖ ತೊಳಿಯೋಕೂ ಹೆದರ್ತಾರೆ, ಫ್ಯಾನ್ ಹಾಕಿದ್ರೆ ಸೆರಗು ಅಡ್ಡ ಹಿಡೀತಾರೆ, ಅನ್ನ ಮಿಕ್ಸಿಗೆ ಹಾಕಿ ಕೊಡ್ತಿದೀವಿ. ಮೊನ್ನೆ "ಹೋಗ್ಬಿಟ್ರೆ ವಾಸಿ" ಅಂದ್ರು.

ಡಾಕ್ಟರ್: ಮೊದ್ಲು ಆ ಕೊನೇ ಮಾತು. ಬೇಜಾರಿಗೆ ಅಂದ್ರು ಅಂತ ಬಿಡ್ಬೇಡಿ ತಾಯಿ, ಒಬ್ರನ್ನೇ ಬಿಡ್ಬೇಡಿ, ನಾಳೇನೇ ನ್ಯೂರಾಲಜಿಸ್ಟ್‌ಗೆ ತೋರಿಸಿ, ಈ ಮಾತನ್ನೂ ಹೇಳಿ. ರಾತ್ರಿ ದಿಕ್ಕು ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ನೀವು ಹೇಳೋದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಥರ ಇದೆ. ಟ್ರೈಜೆಮಿನಲ್ ಅಂದ್ರೆ ಮುಖದ ಸ್ಪರ್ಶ ಮೆದುಳಿಗೆ ಒಯ್ಯೋ 5ನೇ ನರ, ಮೆದುಳಿನ ಬುಡದಲ್ಲಿ ರಕ್ತನಾಳ ಒತ್ತಿ ಒತ್ತಿ ನರದ ಹೊದಿಕೆ ಸವೆದಿರುತ್ತೆ ಸಾಮಾನ್ಯವಾಗಿ, ಆಮೇಲೆ ಗಾಳಿ ತಾಕಿದ್ರೂ ಷಾಕು, ಕ್ಷಣದಿಂದ 2 ನಿಮಿಷದವರೆಗೆ. ಕೆಳಗಿನ ಎರಡು ಕವಲು ದವಡೆಗೇ ಹೋಗೋದ್ರಿಂದ ಹಲ್ಲುನೋವೇ ಅನ್ಸುತ್ತೆ. ಇನ್ನೊಂದು ಹಲ್ಲು ಕೀಳಿಸ್ಬೇಡಿ! ಎಂಆರ್‌ಐ ಬೇಕು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಹತ್ತಲ್ಲ, ಕಾರ್ಬಮಜೆಪೈನ್ ಬರೀತಾರೆ, ತಲೆ ಸುತ್ತಬಹುದು, ರಕ್ತದಲ್ಲಿ ಸೋಡಿಯಂ ಇಳೀಬಹುದು, ಮೈಮೇಲೆ ಗುಳ್ಳೆ ಎದ್ರೆ ಅವತ್ತೇ ಆಸ್ಪತ್ರೆಗೆ. ಮಾತ್ರೆಗೆ ಬಗ್ಗದಿದ್ರೆ ಆಪರೇಷನ್ ಇದೆ, ರಕ್ತನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ಚೂರು ಇಡ್ತಾರೆ.

ಸದಸ್ಯ (ಹಾಸನ): ಫಾರ್ವರ್ಡ್ ಬಂದಿದ್ದು. ಎಕ್ಕದ ಎಲೆ ಕಾಯಿಸಿ ಕೆನ್ನೆಗೆ ಒತ್ತಿ, 3 ದಿನದಲ್ಲಿ ಮಾಯ.

ಡಾಕ್ಟರ್: ಸೆರಗು ತಾಕಿದ್ರೆ ಕಿರುಚೋ ಕೆನ್ನೆಗೆ ಬಿಸಿ ಎಲೆ ಒತ್ತಬೇಕಾ? ಎಕ್ಕದ ಹಾಲು ಕಣ್ಣಿಗೆ ಬಿದ್ರೆ ಕಣ್ಣೇ ಹಾಳಾಗುತ್ತೆ. ದಯವಿಟ್ಟು ಡಿಲೀಟ್ ಮಾಡಿ.

ಸದಸ್ಯ (ಶಿರಾ): ಬಾಯಿ ಸೊಟ್ಟ ಆಗೋದು ಇದೇನಾ ಸರ್?

ಡಾಕ್ಟರ್: ಅಲ್ಲ. ಅದು ಮುಖದ ಸ್ನಾಯು ಆಡಿಸೋ 7ನೇ ನರದ ತೊಂದರೆ ಇರಬಹುದು, ಸ್ಟ್ರೋಕೂ ಇರಬಹುದು. ತಕ್ಷಣ ಆಸ್ಪತ್ರೆಗೆ.

ಸದಸ್ಯ (ಹಾಸನ): ನಮ್ಮಜ್ಜಿಗೆ ಎಲೆಯಲ್ಲೇ ವಾಸಿಯಾಯ್ತು ಸರ್, ಇಂಗ್ಲಿಷ್ ಔಷಧಿಯವರು ಒಪ್ಪಲ್ಲ ಅಷ್ಟೇ.

ಸದಸ್ಯೆ (ಮೈಸೂರು): ಅಣ್ಣ, ಈ ನೋವು ತಾನಾಗೇ ತಿಂಗಳುಗಟ್ಲೆ ನಿಲ್ಲುತ್ತೆ, ಮತ್ತೆ ಬರುತ್ತೆ. ನನಗೂ ನಿಂತಿತ್ತು, ಹರಕೆ ಫಲ ಅಂತ ಮಾತ್ರೆ ಬಿಟ್ಟೆ. ಮಗಳ ಮದುವೆ ದಿನ ಆರತಿ ಹಾಡೋಕೆ ಬಾಯಿ ತೆಗೆದಾಗ ಹೊಡೀತು, ಎಲ್ರ ಮುಂದೆ ಕೆನ್ನೆ ಹಿಡ್ಕೊಂಡು ಕೂತ್ಬಿಟ್ಟೆ.

ಸದಸ್ಯ (ಹಾಸನ): ನಿಮಗೆ ನಂಬಿಕೆ ಇಲ್ಲ ಅಂದ್ರೆ ಸುಮ್ನಿರಿ ಮೇಡಂ.

ಸದಸ್ಯೆ (ಮೈಸೂರು): ನೀವು ಸುಮ್ನಿರಿ. ನಿಮ್ಮ ಕೆನ್ನೆಗೆ ಬಂದಿಲ್ಲ.

ಸದಸ್ಯೆ (ಮಂಡ್ಯ): ಸರ್ ಬಾಯಿ ಸೊಟ್ಟ ಆದ್ರೆ ಇದೇ ಕಾಯಿಲೆನಾ?

ಡಾಕ್ಟರ್: ಮೇಲೆ ಓದಿ.

ಸದಸ್ಯ (ಕಲಬುರಗಿ): ಈ ನೋವಿಗೆ ನರಕ್ಕೆ ರೇಡಿಯೇಷನ್ ಕೊಡೋ ಗಾಮಾ ನೈಫ್‌ಗೆ ಆಯುಷ್ಮಾನ್ ಕಾರ್ಡ್ ನಡೀತದೇನ್ರಿ?

ಸದಸ್ಯೆ (ತುಮಕೂರು): ಸರ್, ಇವತ್ತು ಅಮ್ಮನ ಪಕ್ಕ ನಾನೇ ಮಲಗ್ತೀನಿ. ಬೆಳಿಗ್ಗೆ ಸ್ಕೂಟಿಲಿ ಕರ್ಕೊಂಡು ಹೋಗ್ಲಾ?

ಡಾಕ್ಟರ್: ಬೇಡಮ್ಮ, ಗಾಳಿ ಹೊಡಿಯುತ್ತೆ. ಕಾರಲ್ಲಿ ಹೋಗಿ, ಗ್ಲಾಸ್ ಏರಿಸಿ.

ಸದಸ್ಯ (ಕಲಬುರಗಿ): ಸರ್, ಆಯುಷ್ಮಾನ್ ಕಾರ್ಡ್?