ವಿಶಾಖಪಟ್ಟಣದ ಕುರ್ಸುರಾ: ಡೀಸೆಲ್ ಎಂಜಿನ್ ಇದ್ದ ಮೇಲೆ ಬ್ಯಾಟರಿ ಯಾಕೆ?

ಪ್ರಶ್ನೆ (ಹೊಸನಗರ):
ಹೋದ ತಿಂಗಳು ವಿಶಾಖಪಟ್ಟಣಕ್ಕೆ ಹೋಗಿದ್ದೆವು. ಆರ್.ಕೆ. ಬೀಚಿನಲ್ಲಿ ಐಎನ್ಎಸ್ ಕುರ್ಸುರಾ ಸಬ್‌ಮರೀನ್ ಒಳಗೆಲ್ಲ ನೋಡಿಬಂದೆವು. ಮೂರು ಡೀಸೆಲ್ ಎಂಜಿನ್ ಇದ್ದವಂತೆ, ಆದರೆ ನೀರಿನಡಿ ಓಡುತ್ತಿದ್ದದ್ದು ಬ್ಯಾಟರಿಯಿಂದಂತೆ. "ಎಂಜಿನ್ ಇದ್ದ ಮೇಲೆ ಬ್ಯಾಟರಿ ಯಾಕಪ್ಪಾ?" ಅಂತ ಮಗಳು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಇದು ಯಾವ ಕಾಲದ್ದು, ಯುದ್ಧಕ್ಕೆ ಹೋಗಿತ್ತಾ? ಗೊತ್ತಿದ್ದವರು ತಿಳಿಸಿ.

ಉತ್ತರ (ತೀರ್ಥಹಳ್ಳಿ, ನಿವೃತ್ತ ನಾವಿಕ):
ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ನಾನು ಇದೇ ಮಾದರಿಯ ಸಬ್‌ಮರೀನಿನಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದೆ. ಡೀಸೆಲ್ ಉರಿಯಲು ಗಾಳಿ ಬೇಕು. ಆಳದಲ್ಲಿ ಎಂಜಿನ್ ಹಾಕಿದರೆ ನಾವು ಉಸಿರಾಡುವ ಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ಅದಕ್ಕೇ ಮೇಲೆ ಬಂದೋ, ಸ್ನಾರ್ಕೆಲ್ ಅನ್ನುವ ಕೊಳವೆಯನ್ನು ನೀರಿನ ಮೇಲೆ ಚಾಚಿಯೋ ಎಂಜಿನ್ ಓಡಿಸಿ, ಬ್ಯಾಟರಿ ಚಾರ್ಜ್ ಮಾಡಿಕೊಳ್ಳಬೇಕು. ಜಾಸ್ತಿ ರಾತ್ರಿ ಹೊತ್ತೇ. ಶತ್ರುವಿನ ಕಣ್ಣಿಗೆ ಬೀಳುವ ಭಯ ಇರುವುದೂ ಆಗಲೇ.

ನಿಮ್ಮ ಮನೆಯ ಇನ್ವರ್ಟರ್ ಇದೆಯಲ್ವಾ? ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದುಕೊಳ್ಳಿ. ಎಲ್ಲ ಫ್ಯಾನ್ ಹಾಕಿದರೆ ಬೇಗ ಖಾಲಿ. ಒಂದೇ ಬಲ್ಬ್ ಆದರೆ ಎಷ್ಟೋ ಹೊತ್ತು ಬರುತ್ತದೆ. ನೀರಿನಡಿಯೂ ಅದೇ ಲೆಕ್ಕ. ಪೂರ್ತಿ ವೇಗ ಅಂದರೆ ಕೆಲವೇ ಗಂಟೆ, ನಿಧಾನಕ್ಕೆ ಹೋದರೆ ಕೆಲವು ದಿನ. ಬ್ಯಾಟರಿಯೂ ಅದೇ ಲೆಡ್ ಆಸಿಡ್‌ನದು. ಆದರೆ ಅಲ್ಲಿ ನೂರಾರು ಸೆಲ್, ಒಂದೊಂದೂ ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ. ನಡು ಬಗ್ಗಿಸಿ ಒಳಗೆ ಹೋಗಿ, ಸೆಲ್ ಸೆಲ್ಲಿಗೂ ಚಾರ್ಜ್ ಎಷ್ಟಿದೆ ಅಂತ ತೋರಿಸುವ ಹೈಡ್ರೋಮೀಟರ್ ಅದ್ದಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಅದು ಒಳಗೇ ಸೇರಿಕೊಂಡರೆ ಒಂದು ಕಿಡಿ ಸಾಕು. ಅದನ್ನು ಹೊರಗೆ ಹಾಕುವ ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ನನಗೆ ನಿದ್ದೆಯಲ್ಲೇ ಎಚ್ಚರವಾಗುತ್ತಿತ್ತು.

ಉತ್ತರ (ಶಿವಮೊಗ್ಗ):
ಇಸವಿ ನಾನು ಹೇಳುತ್ತೇನೆ. ನಮ್ಮ ಮೊದಲ ಸಬ್‌ಮರೀನ್ ಕಲ್ವರಿ ನೌಕಾಪಡೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು. ಅದೇ ಮಾದರಿಯ ಕುರ್ಸುರಾ 1969ರ ಡಿಸೆಂಬರ್ 18ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇರಿತು. 1971ರ ಯುದ್ಧದಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತ್ತು. ಪಾಕಿಸ್ತಾನದ ಸಬ್‌ಮರೀನ್ ಗಾಜಿ ಆ ಯುದ್ಧದಲ್ಲಿ ವಿಶಾಖಪಟ್ಟಣದ ಹತ್ತಿರವೇ ಮುಳುಗಿದ್ದರಿಂದ, ಅದನ್ನು ಮುಳುಗಿಸಿದ್ದು ಕುರ್ಸುರಾ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗ ಇದು ಇದ್ದದ್ದು ಪಶ್ಚಿಮ ಕಡಲಿನಲ್ಲಿ. 2001ರಲ್ಲಿ ಸೇವೆ ಮುಗಿಸಿತು, 2002ರಿಂದ ಮ್ಯೂಸಿಯಂ ಆಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರ್, ಮಗಳ ಇನ್ನೊಂದು ಪ್ರಶ್ನೆ: ಒಳಗೆ ಸ್ನಾನ ಎಲ್ಲಿ ಮಾಡುತ್ತಿದ್ದಿರಿ?

ಉತ್ತರ (ತೀರ್ಥಹಳ್ಳಿ):
ಸ್ನಾನ ಇರಲಿಲ್ಲ ಮಗಾ. ಸಿಹಿನೀರು ಕುಡಿಯೋಕೆ, ಅಡುಗೆಗೆ, ಬ್ಯಾಟರಿಗೆ ಬೇಕು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಅವತ್ತಿನದು ಮುಗಿಯಿತು. ರಜೆಗೆ ಊರಿಗೆ ಬಂದಾಗ ನಮ್ಮಮ್ಮ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ತುಂಬ ನೀರು ಕಾಯಿಸಿಡುತ್ತಿದ್ದರು. ಹಂಡೆ ಖಾಲಿಯಾದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಅಮ್ಮ ಮಾತಾಡದೆ ಇನ್ನೆರಡು ಕೊಡ ತಂದು ಸುರಿಯುತ್ತಿದ್ದರು.