ಖರೀದಿ ಪತ್ರದಾಗಿನ "15 ಮೆಹರ್ 1347 ಫ" ಯಾವ ಇಸವಿ?

ಪ್ರಶ್ನೆ (ಯಾದಗಿರಿ):
ನಿಜಾಮರ ಕಾಲದ ಉರ್ದು ಖರೀದಿ ಪತ್ರದಾಗ ಹೀಂಗ ತಾರೀಖು ಐತ್ರಿ. ಓದಿದವರೊಬ್ಬರು 1928 ಅಂದ್ರು, ಇನ್ನೊಬ್ಬರು 1938 ಅಂದ್ರು. ಮನೆ ಲೆಕ್ಕದ ವಹಿಯಾಗ ಇದೇ ಖರೀದಿಗೆ "ಬಹುಧಾನ್ಯ ಸಂವತ್ಸರ, ಶ್ರಾವಣ" ಅಂತ ಬರೆದಾರ. ಯಾವುದು ಖರೇ?

ಉತ್ತರ (ಕಲಬುರಗಿ):
1938ರ ಆಗಸ್ಟ್. "ಫ" ಅಂದರೆ ಫಸಲಿ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ತಿಂಗಳಿಂದ ಶುರು. 1950ರ ಹೈದರಾಬಾದ್ ಗೇಣಿ ಕಾಯ್ದೆಯಲ್ಲೇ 1353 ಫಸಲಿಯ ಮೊದಲ ದಿನ 6 ಅಕ್ಟೋಬರ್ 1943 ಅಂತ ಅಚ್ಚಾಗಿದೆ. ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590 ಕೂಡಿಸಿ, ಜನವರಿ ದಾಟಿದ್ದರೆ 591. ಮೆಹರ್ ಹನ್ನೊಂದನೇ ತಿಂಗಳು: 1347 + 591 = 1938.
ಮೊಬೈಲಿನಲ್ಲಿ ಇರಾನಿನ ಪಂಚಾಂಗ ತೆಗೆದು ನೋಡಬೇಡಿ. ಹೆಸರು ಅವೇ, ಆದರೆ ಅಲ್ಲಿ ಮೆಹರ್ ಬರುವುದು ಸೆಪ್ಟೆಂಬರ್ ಕೊನೆಗೆ.

ಉತ್ತರ (ಬೀದರ್):
1928 ಅಂದವರು ಅದನ್ನು ಹಿಜರಿ (ಚಂದ್ರನ ಲೆಕ್ಕದ ಮುಸ್ಲಿಂ ವರ್ಷ) ಅಂತ ಓದಿದ್ದಾರೆ. ಹಿಜರಿ 1347 ಶುರುವಾದದ್ದು 1928ರಲ್ಲಿ. ದಖ್ಖನಿನ ಫಸಲಿ ಷಹಜಹಾನನ ಕಾಲದಲ್ಲಿ, 1636ರಲ್ಲಿ, ಆಗಿನ ಹಿಜರಿ ಅಂಕಿ 1046ನ್ನೇ ಹಿಡಿದು ಹೊರಟಿತು. ಕಂದಾಯ ಬರುವುದು ಬೆಳೆ ಕೈಗೆ ಬಂದಾಗ. ಹಿಜರಿಗೆ 354 ದಿನ ಮಾತ್ರ, ಸುಗ್ಗಿ ಪ್ರತಿವರ್ಷ ಸುಮಾರು ಹನ್ನೊಂದು ದಿನ ಸರಿಯುತ್ತಿತ್ತು. ಅದಕ್ಕೇ ಫಸಲಿಯನ್ನು ಸೂರ್ಯನ ಲೆಕ್ಕಕ್ಕೆ ಕಟ್ಟಿದರು. ಹಿಜರಿ ಸುಮಾರು 33 ವರ್ಷಕ್ಕೆ ಒಂದು ವರ್ಷ ಮುಂದೆ ಓಡುತ್ತದೆ, ಹಾಗಾಗಿ 1938ರ ಆಗಸ್ಟಿನಲ್ಲಿ ಹಿಜರಿ 1357 ಇತ್ತು. ಅಂಕಿಯ ಪಕ್ಕದ ಒಂದಕ್ಷರವನ್ನು ಬಿಟ್ಟು ನಕಲು ಮಾಡಿದರೆ ಹತ್ತು ವರ್ಷದ ತಪ್ಪು ಆಗುವುದು ಹೀಗೆ.
ಸಂವತ್ಸರವನ್ನೂ ತಾಳೆ ನೋಡಿ: ಯುಗಾದಿ ನಂತರ ಇಸವಿಯಲ್ಲಿ 78 ಕಳೆದರೆ ಶಕ 1860. ಅದಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷ 12. ಪ್ರಭವದಿಂದ ಹನ್ನೆರಡನೆಯದು ಬಹುಧಾನ್ಯ. ನಿಮ್ಮ ವಹಿ ಖರೇ ಹೇಳುತ್ತಿದೆ. (ಶೇಷ ಸೊನ್ನೆ ಬಂದರೆ ಅಕ್ಷಯ.)

ಪ್ರಶ್ನೆ (ಯಾದಗಿರಿ):
ಭಾಳ ಉಪಕಾರ ಆತ್ರಿ. ಕಲ್ಯಾಣದ ಕಡೆ ಶಾಸನಗಳಾಗ "ಚಾಲುಕ್ಯ ವಿಕ್ರಮ ವರ್ಷ 50, ವಿಶ್ವಾವಸು" ಅಂತ ಇದ್ರೂ ಇದೇ ಲೆಕ್ಕ ನಡೀತದೇನ್ರಿ?

ಉತ್ತರ (ಬೀದರ್):
ನಡೆಯುತ್ತದೆ. ಆರನೇ ವಿಕ್ರಮಾದಿತ್ಯ ಶಕ ಎಣಿಕೆ ಬಿಟ್ಟು 1076ರಿಂದ ತನ್ನದೇ ವರ್ಷ ಎಣಿಸಿದ, ಆದ್ದರಿಂದ 1075 ಕೂಡಿಸಿ: 1125. ಶಕ 1047, ಶೇಷ 39, ವಿಶ್ವಾವಸು. ಹೆಸರು ಹೊಂದದಿದ್ದರೆ ಅಂಕಿ ಸವೆದಿದೆಯೇ ಅಂತ ಕಲ್ಲನ್ನೇ ಮತ್ತೆ ನೋಡಬೇಕು, ಹೆಸರನ್ನು ತಿದ್ದಲು ಹೋಗಬಾರದು.

ಉತ್ತರ (ಕಲಬುರಗಿ):
ದಾಖಲೆ ನಕಲಿಗೆ ಅರ್ಜಿ ಹಾಕುವಾಗ "15 ಮೆಹರ್ 1347 ಫಸಲಿ" ಅಂತ ಪೂರ್ತಿ ಬರೆದು, ಪಕ್ಕದಲ್ಲಿ ಆಗಸ್ಟ್ 1938 ಹಾಕಿ. ಬರೀ ಇಸವಿ ಕೊಟ್ಟರೆ ಹುಡುಕುವವರಿಗೆ 1347, 1348 ಎರಡೂ ಕಟ್ಟು ಬಿಚ್ಚಬೇಕಾಗುತ್ತದೆ.