ಡಿರೇಲರ್ ಹ್ಯಾಂಗರ್ ಮುರದೈತಿ, ವೆಲ್ಡಿಂಗ್ ಮಾಡಿಸ್ಲ್ಯಾ?

ಪ್ರಶ್ನೆ (ಪುಣೆ, ಕೋಥರೂಡ):
ನಮಸ್ಕಾರ್ರಿ. ಐತವಾರ ನಸುಕಿನ್ಯಾಗ ವೇತಾಳ ಟೇಕಡಿ ಇಳಿಯೂವಾಗ ಸೈಕಲ್‌ನ ಹಿಂದಿನ ಗಾಲಿಗೆ ಕಟಗಿ ಸಿಕ್ಕು, ಡಿರೇಲರ್ (ಚೈನ್ ಸರಿಸಿ ಗೇರ್ ಬದಲಸೂ ಭಾಗ) ಸೀದಾ ಸ್ಪೋಕ್ಸ್ ಒಳಗ ಹೋಗಿ ಕೂತತು. ಅದನ್ನ ಹಿಡಕೊಂಡಿದ್ದ ಹ್ಯಾಂಗರ್ ಎರಡು ತುಂಡು. ಮುರಿದ ಜಾಗ ಉಪ್ಪು ಉದುರಿಸಿದಂಗ ಕಾಳುಕಾಳಾಗಿ ಕಾಣತೈತಿ. ಅಂಗಡಿಯಂವಾ, "ಫ್ರೇಮೇ ಹೋತು, ಹೊಸಾ ಸೈಕಲ್ ತಗೋರಿ" ಅಂದಾ. ಮನಿಯಾಕಿಗೆ ಇನ್ನೂ ಹೇಳಿಲ್ಲ. ವೆಲ್ಡಿಂಗ್ ಮಾಡಿಸಿದ್ರ ನಡೀತೈತೇನ್ರಿ?

ಉತ್ತರ 1:
ಅಂವನ ಮಾತು ಬಿಡ್ರಿ. ಹ್ಯಾಂಗರ್ ಇರೂದ ಮುರಿಯಾಕ! ಮೆತ್ತನ್ನ ಅಲ್ಯೂಮಿನಿಯಂ, ಪೆಟ್ಟು ಬಿದ್ರ ಫ್ರೇಮ್ ಉಳಿಸಿ ತಾನು ಹೋಗತೈತಿ. ಒಂದೋ ಎರಡೋ ಸಣ್ಣ ಬೋಲ್ಟ್ ಬಿಚ್ಚಿದ್ರ ಕೈಗೆ ಬರತೈತಿ. ಆದ್ರ ನೂರಾರು ನಮೂನಿ ಅದಾವು, ಫೋಟೋ ನೋಡಿ ತರಸಬ್ಯಾಡ್ರಿ, ನಾ ಹಂಗ ಮಾಡಿ ಎರಡು ಸಲ ತಪ್ಪು ತರಿಸೇನಿ. ಮುರಿದ ತುಂಡು ಕಿಸೆದಾಗ ಹಾಕ್ಕೊಂಡ ಹೋಗಿ, ತೂತಿಗೆ ತೂತು ಇಟ್ಟು ನೋಡ್ರಿ. ತಗೋಳೂದಾದ್ರ ಎರಡು ತಗೋರಿ, ಒಂದು ಚೀಲದಾಗ ಇರಲಿ.

ಉತ್ತರ 2:
ಹ್ಯಾಂಗರ್ ಬೇರೆ ತುಂಡೇ ಅಂತ ಮೊದಲು ನೋಡ್ಕೊಳ್ಳಿ. ಹಳೇ ಉಕ್ಕಿನ ಫ್ರೇಮ್‌ಗಳಲ್ಲಿ ಅದು ಫ್ರೇಮಿಗೇ ಸೇರಿರುತ್ತೆ, ಅಲ್ಲಿ ಬೆಸುಗೆ ನಡೆಯುತ್ತೆ. ಅಲ್ಯೂಮಿನಿಯಂಗೆ ಬೇಡ, ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತೆ. ಹೊಸದು ಹಾಕಿದ ಮೇಲೆ ಅಲೈನ್‌ಮೆಂಟ್ ಗೇಜ್ (ಹ್ಯಾಂಗರ್ ನೆಟ್ಟಗಿದೆಯಾ ಅಂತ ಅಳೆಯೋ ಸಾಧನ) ಇಟ್ಟು ನೋಡೋರ ಹತ್ರಾನೇ ಹೋಗಿ, ಸ್ವಲ್ಪ ಬಾಗಿದ್ರೂ ಗೇರ್ ಸರಿಯಾಗಿ ಬೀಳಲ್ಲ. ಡಿರೇಲರ್ ಕೇಜ್, ಅಂದ್ರೆ ಚೈನ್ ಹಾಯೋ ಎರಡು ಸಣ್ಣ ಚಕ್ರ ಹಿಡಿದಿರೋ ಭಾಗ, ಸೊಟ್ಟಗಾಗಿದೆಯಾ?

ಪ್ರಶ್ನೆ ಕೇಳಿದವರು:
ಕೇಜ್ ನೆಟ್ಟಗ ಐತ್ರಿ. ಬೋಲ್ಟ್ ಎರಡೂ ಸಿಕ್ಕವು, ಕೆಸರಾಗ ಮುಚ್ಚಿಹೋಗಿದ್ವು. ಹಳೇ ಹಲ್ಲುಜ್ಜೂ ಬ್ರಷ್‌ಲೆ ತಿಕ್ಕಾಕತ್ತೇನಿ.